ಯಾವ ಹೊಲದ ಗೊಬ್ಬರ, ಯಾವ ಹೊಲದ ಇಂಗಾಲ?

1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಕರಕಲಾದವು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿತು. ಆ ಏರಿಕೆ ನಮ್ಮ ಕಾಫಿ ಸೀಮೆಯ ಬೆಳೆಗಾರರನ್ನು ಮುಟ್ಟಿ, ಅಲ್ಲಿಂದ ಬಂಡೀಪುರ ಕಾಡಂಚಿನ ಹಳ್ಳಿಗಳ ತಿಪ್ಪೆಗಳವರೆಗೆ ಬಂತು. ಕೈಯಲ್ಲಿ ದುಡ್ಡಾಡಿದ ತೋಟದವರು ಸಗಣಿ ಗೊಬ್ಬರಕ್ಕೆ ಒಳ್ಳೆಯ ಬೆಲೆ ಕೊಟ್ಟರು. ಅಲ್ಲಿಯವರೆಗೆ ತಮ್ಮ ಹೊಲಕ್ಕೇ ಸುರಿದುಕೊಳ್ಳುತ್ತಿದ್ದ ಗೊಬ್ಬರವನ್ನು ಹಳ್ಳಿಯವರು ಮಾರತೊಡಗಿದರು. ಮಾರುವುದಕ್ಕೆಂದೇ ದನ ಕಟ್ಟಿದವರೂ ಇದ್ದರು. ಆ ದನಗಳು ಮೇಯಲು ಕಾಡಿಗೇ ಹೋಗಬೇಕಿತ್ತು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ 2005ರಲ್ಲಿ ‘ಕನ್ಸರ್ವೇಷನ್ ಬಯಾಲಜಿ’ ಪತ್ರಿಕೆಯಲ್ಲಿ ಬರೆದರು. ಅವರಿಗೆ ಮುಖ್ಯವಾಗಿದ್ದದ್ದು ಕಾಡಿನ ಗತಿ. ನಾನು ಆ ಅಧ್ಯಯನವನ್ನು ಮಣ್ಣಿನ ಕಡೆಯಿಂದಲೂ ಓದುತ್ತೇನೆ: ಹುಲ್ಲಾಗಿ ಕಾಡಿನಲ್ಲಿದ್ದ ಇಂಗಾಲ ದನದ ಹೊಟ್ಟೆ ಸೇರಿ, ಸಗಣಿಯಾಗಿ ಕೊಟ್ಟಿಗೆಗೆ ಬಂದು, ಲಾರಿ ಹತ್ತಿ ಬೇರೊಂದು ಸೀಮೆಯ ತೋಟದ ಮಣ್ಣು ಸೇರಿತು.

ಈಗ ಈ ಅಧ್ಯಯನವನ್ನು ನೆನೆಯಲು ಕಾರಣವಿದೆ. ‘ಸಾವಯವ ಗೊಬ್ಬರ ಹಾಕಿ, ಮಣ್ಣಿನಲ್ಲಿ ಇಂಗಾಲ ಕೂಡಿಡಿ’ ಎಂದು ಕೇಂದ್ರವೂ ರಾಜ್ಯವೂ ರೈತರಿಗೆ ಹೇಳುತ್ತಿವೆ. ಮಣ್ಣು ಮೆತ್ತಗಾಗುತ್ತದೆ, ನೀರು ಹಿಡಿಯುತ್ತದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನೆಲಕ್ಕಿಳಿದು ಹವಾಮಾನಕ್ಕೂ ಒಳ್ಳೆಯದಾಗುತ್ತದೆ ಎಂಬುದು ಅದರ ಹಿಂದಿನ ವಾದ. ಮೊದಲಿನ ಎರಡು ಮಾತು ನೂರಕ್ಕೆ ನೂರು ನಿಜ. ಮೂರನೆಯದು ನಿಜವಾಗುವುದು, ಹೊಲಕ್ಕೆ ಬಿದ್ದ ಗೊಬ್ಬರ ಇನ್ನೊಂದು ಹೊಲದ, ಇನ್ನೊಂದು ಗೋಮಾಳದ ಬಾಯಿಂದ ಕಿತ್ತು ತಂದದ್ದಲ್ಲ ಎಂದಾದರೆ ಮಾತ್ರ. ನಾನು ಓದಿದ ಯೋಜನೆಗಳಲ್ಲಿ ಗೊಬ್ಬರ ಎಷ್ಟು ಹಂಚಿದೆವು ಎಂಬ ಲೆಕ್ಕ ಸಿಗುತ್ತದೆ. ಅದು ಎಲ್ಲಿಂದ ಬಂತು ಎಂಬ ಲೆಕ್ಕ ಸಿಗುವುದಿಲ್ಲ.

ಲೆಕ್ಕ ಏಕೆ ಬೇಕೆಂದು ತಿಳಿಯಲು ಬಂಡೀಪುರದ ಅಂಚಿನ ಗುಂಡ್ಲುಪೇಟೆ ಸೀಮೆಯನ್ನೇ ನೋಡೋಣ. ಹಂಗಳದ ದಾರಿಯಲ್ಲಿ ಹೋಗಿ, ಬೆಟ್ಟದ ಬುಡದಲ್ಲಿ ಸಾರಿಗೆ ಸಂಸ್ಥೆಯ ಬಸ್ಸು ಹಿಡಿದು 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ದೇವಸ್ಥಾನಕ್ಕೆ ಹತ್ತಿದವರು ಮಂಜು ಸರಿದಾಗ ಒಮ್ಮೆ ಕೆಳಗೆ ನೋಡಬೇಕು. ಬೆಟ್ಟದ ನೆತ್ತಿಯ ಮೇಲೆಲ್ಲ ಹುಲ್ಲು, ಕಣಿವೆಯ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು. ಇಲ್ಲಿ ನೇಗಿಲು ಆಡುವುದಿಲ್ಲ, ಬಿದ್ದ ಎಲೆ ಬಿದ್ದಲ್ಲೇ ಕೊಳೆಯುತ್ತದೆ, ತಂಪಿಗೆ ನಿಧಾನವಾಗಿ ಕೊಳೆಯುತ್ತದೆ. ಹುಲ್ಲಿನ ಬೇರು ಹಿಡಿದ ಮಣ್ಣು ಮಬ್ಬುಗಪ್ಪು. ಕೆಳಗೆ ಗುಂಡ್ಲುಪೇಟೆಯ ಹೊಲಗಳು ಉತ್ತು ಬಿಟ್ಟಲ್ಲೆಲ್ಲ ಕೆಂಪಗೆ ಕಾಣುತ್ತವೆ. ಮಳೆನೆರಳಿನ ಸೀಮೆ ಇದು. ಏಪ್ರಿಲ್, ಮೇ ತಿಂಗಳ ಮಳೆಗೆ ಜೋಳ, ಸೂರ್ಯಕಾಂತಿ, ಚೆಂಡು ಹೂ, ಹತ್ತಿ; ಹಿಂಗಾರಿಗೆ ಹುರುಳಿ. ಕೊಳವೆಬಾವಿ ಇರುವ ಕಡೆ ಅರಿಸಿನ, ಬಾಳೆ, ಟೊಮೆಟೊ, ಸಣ್ಣ ಈರುಳ್ಳಿ. ಜುಲೈ ಬಂತೆಂದರೆ ಹೆದ್ದಾರಿಯ ಬದಿಯ ಹಳದಿ ಹೂಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು.

ಹೂವಿನ ಕೆಳಗಿನ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರೆ ಸಮಸ್ಯೆ ತಿಳಿಯುತ್ತದೆ. ಮರಳು ಹೆಚ್ಚು, ಜೇಡಿ ಕಡಿಮೆ. ಮಣ್ಣಿನಲ್ಲಿ ಇಂಗಾಲ ಬಹುಕಾಲ ಉಳಿಯುವುದು ಬಹುಪಾಲು ಜೇಡಿಯ ಕಣಗಳಿಗೆ ಅಂಟಿಕೊಂಡು. ಎಲೆ, ಬೇರು, ಸಗಣಿಯನ್ನು ಸೂಕ್ಷ್ಮಜೀವಿಗಳು ತಿಂದು ತಾವೂ ಸಾಯುತ್ತವೆ. ಅವುಗಳ ಅವಶೇಷ ಜೇಡಿಗೆ ಮೆತ್ತಿಕೊಂಡರೆ ದಶಕಗಟ್ಟಲೆ ಇರಬಲ್ಲದು. ಅಂಟಿಕೊಳ್ಳಲು ಜಾಗವಿಲ್ಲದ ಮರಳುಗೆಂಪು ಮಣ್ಣಿನಲ್ಲಿ, ಬೇಸಿಗೆಯ ಬಿಸಿಲಿಗೆ, ಪದೇ ಪದೇ ಉಳುಮೆಗೆ, ಅದೇ ಇಂಗಾಲ ಮತ್ತೆ ಗಾಳಿಗೆ ಹಾರುತ್ತದೆ. ಹಳಬರು ಕೆರೆಯ ಗೋಡುಮಣ್ಣನ್ನು ಗಾಡಿಗಟ್ಟಲೆ ತಂದು ಹೊಲಕ್ಕೆ ಹೊಡೆಯುತ್ತಿದ್ದರಲ್ಲ, ಅದರಲ್ಲಿ ಗೊಬ್ಬರದ ಸತ್ವವಷ್ಟೇ ಅಲ್ಲ, ಆ ಸತ್ವ ಹಿಡಿದಿಡುವ ಜೇಡಿಯೂ ಇತ್ತು. ಇಂಗಾಲ ಎಂಬ ಪದ ಹಳ್ಳಿಗೆ ಬರುವ ಬಹಳ ಮೊದಲೇ ಆ ಕೆಲಸ ನಡೆಯುತ್ತಿತ್ತು.

ಪ್ರಮಾಣದ ಅಂದಾಜಿಲ್ಲದೆ ಈ ಚರ್ಚೆ ಮುಂದೆ ಹೋಗುವುದಿಲ್ಲವಾದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 850 ಟನ್ ತೂಗುತ್ತದೆ. ಮಣ್ಣು ಪರೀಕ್ಷೆಯ ಭಾಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75ರವರೆಗೆ ‘ಮಧ್ಯಮ’, ಅದಕ್ಕೂ ಮೇಲಾದರೆ ‘ಅಧಿಕ’. ಶೇ 0.4 ಇರುವ ಹೊಲವನ್ನು 0.5ಕ್ಕೆ ಏರಿಸಲು, ಅಂದರೆ ಬರೇ 0.1 ಕೂಡಿಸಲು, ಎಕರೆಗೆ 850 ಕಿಲೋ ಇಂಗಾಲ ನೆಲದಲ್ಲಿ ನಿಲ್ಲಬೇಕು. ಎಕರೆಗೆ ವರ್ಷಕ್ಕೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕುವ ರೈತನನ್ನು ತೆಗೆದುಕೊಳ್ಳಿ. ಗೊಬ್ಬರದಲ್ಲಿ ಅರ್ಧಕ್ಕರ್ಧ ನೀರು, ಮಣ್ಣೂ ಬೆರೆತಿರುತ್ತದೆ. ಇಂಗಾಲ ಹೆಚ್ಚೆಂದರೆ 500ರಿಂದ 600 ಕಿಲೋ. ನಮ್ಮ ಬಿಸಿಲಿನಲ್ಲಿ ಅದರ ಏಳರಲ್ಲೊಂದು ಪಾಲು ನಿಂತಿತು ಎಂದುಕೊಂಡರೂ ವರ್ಷಕ್ಕೆ 80 ಕಿಲೋ. ಹಾಗೆ ಹತ್ತು ವರ್ಷ ಬಿಡದೆ ಮಾಡಿದರೆ 0.1 ಏರುತ್ತದೆ. ಇದು ನನ್ನ ಒರಟು ಅಂದಾಜು. ಹೊಲದಿಂದ ಹೊಲಕ್ಕೆ ಅಂಕಿ ಬದಲಾಗುತ್ತದೆ, ಆದರೆ ಮೂರು ವರ್ಷದ ಯೋಜನೆ ಮುಗಿಯುವುದರೊಳಗೆ ಮಣ್ಣು ಬದಲಾಗಿರುತ್ತದೆ ಎಂಬ ನಿರೀಕ್ಷೆ ಯಾವ ಅಂಕಿಯಿಟ್ಟರೂ ಈಡೇರುವುದಿಲ್ಲ.

ಇಂಗಾಲ ನಿಲ್ಲಬೇಕಾದರೆ ಸಾರಜನಕವೂ ಜೊತೆಗಿರಬೇಕು ಎಂಬ ಇನ್ನೊಂದು ಸಂಗತಿ ಭಾಷಣಗಳಲ್ಲಿ ಬರುವುದೇ ಇಲ್ಲ. ಮಣ್ಣಿನ ಸ್ಥಿರ ಸಾವಯವ ಅಂಶದಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಮೇಲೆ ಹೇಳಿದ 850 ಕಿಲೋ ಇಂಗಾಲ ನೆಲದಲ್ಲಿ ಕೂರಲು 70 ಕಿಲೋಗೂ ಮಿಕ್ಕಿ ಸಾರಜನಕ ಅದರೊಡನೆ ಕೂರಬೇಕು. ಅದು ಮೂರೂವರೆ ಮೂಟೆ ಯೂರಿಯಾದಲ್ಲಿರುವಷ್ಟು. ಈ ಸಾರಜನಕವನ್ನು ಹುರುಳಿ, ಅಲಸಂದೆ, ಅವರೆಯ ಬೇರುಗಂಟು ಕೊಡಬಲ್ಲದು, ಬದುವಿನ ಗೊಬ್ಬರದ ಗಿಡದ ಸೊಪ್ಪು ಕೊಡಬಲ್ಲದು. ಒಣ ಕಡ್ಡಿ, ಗರಿ, ತೆಂಗಿನ ನಾರನ್ನಷ್ಟೇ ಮುಚ್ಚಿದರೆ ಹೊದಿಕೆಯಾಗುತ್ತದೆ, ಬಿಸಿಲು ತಡೆಯುತ್ತದೆ, ಮಣ್ಣಿನೊಳಗಿನ ಇಂಗಾಲ ಮಾತ್ರ ಹೆಚ್ಚು ಬೆಳೆಯುವುದಿಲ್ಲ.

ಸರ್ಕಾರ ಏನು ಮಾಡುತ್ತ ಬಂದಿದೆ ಎಂದು ನೋಡುವಾಗ ಒಂದು ಪದ ನೆನಪಾಗುತ್ತದೆ. ನಮ್ಮ ಹಳ್ಳಿಗಳ ಹಿರಿಯರು ಯೂರಿಯಾ, ಡಿಎಪಿಗಳನ್ನು ‘ಸರ್ಕಾರಿ ಗೊಬ್ಬರ’ ಎನ್ನುತ್ತಿದ್ದರು. ತಿಪ್ಪೆಯದು ತಮ್ಮದು, ಮೂಟೆಯದು ಸರ್ಕಾರದ್ದು. ಆ ಮೂಟೆ ಕೊಟ್ಟ ಫಸಲನ್ನು ನಾನು ಅಲ್ಲಗಳೆಯುವುದಿಲ್ಲ. ಹಸಿವು ಕಂಡ ದೇಶ ಇದು. ಆದರೆ ಮೂಟೆ ಅಗ್ಗವಾದಂತೆ ತಿಪ್ಪೆ ದುಬಾರಿಯಾಯಿತು. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಹಸು ಒಂದೆರಡಕ್ಕಿಳಿದವು, ಗೊಬ್ಬರ ಹೇರಿ ಹರಡಲು ಆಳಿನ ಕೂಲಿ ಏರಿತು.

ಈಗ ಅದೇ ಸರ್ಕಾರ ತಿಪ್ಪೆಯ ಕಡೆ ತಿರುಗಿದೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಹಾಗೆ ನೀತಿ ಬರೆದುಕೊಂಡ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಆಮೇಲೆ ಸಾವಯವ ಗ್ರಾಮ, 2013ರಲ್ಲಿ ಹೋಬಳಿ ಮಟ್ಟದ ‘ಸಾವಯವ ಭಾಗ್ಯ’, 2017ರಲ್ಲಿ ಪರಿಷ್ಕೃತ ನೀತಿ. ಕೇಂದ್ರದಿಂದ 2015ರಲ್ಲಿ ಪರಂಪರಾಗತ ಕೃಷಿ ವಿಕಾಸ ಯೋಜನೆ ಬಂತು. 20 ಹೆಕ್ಟೇರಿನ ಗುಂಪು ಮಾಡಿಕೊಂಡರೆ ಹೆಕ್ಟೇರಿಗೆ ಮೂರು ವರ್ಷಕ್ಕೆ 50,000 ರೂಪಾಯಿ, ಅದರಲ್ಲಿ 31,000 ಗೊಬ್ಬರ ಮುಂತಾದವುಗಳಿಗೆ ಎಂಬುದು ಹಿಂದೊಮ್ಮೆ ಅದರ ಲೆಕ್ಕವಾಗಿತ್ತು. 2018ರಲ್ಲಿ ಸಗಣಿ, ಹಸಿಕಸದಿಂದ ಅನಿಲವನ್ನೂ ಗೊಬ್ಬರವನ್ನೂ ಮಾಡುವ ಗೋಬರ್‌ಧನ್, 2023ರಲ್ಲಿ ಪಿಎಂ–ಪ್ರಣಾಮ್, 2024ರ ನವೆಂಬರಿನಲ್ಲಿ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್. ಮಿಷನ್ನಿನ ಗುರಿ ಒಂದು ಕೋಟಿ ರೈತರು, ಏಳೂವರೆ ಲಕ್ಷ ಹೆಕ್ಟೇರ್, 10,000 ಜೈವಿಕ ಪರಿಕರ ಕೇಂದ್ರಗಳು.

ಇವುಗಳಲ್ಲಿ ಪಿಎಂ–ಪ್ರಣಾಮ್‌ನ ಆಲೋಚನೆ ನನಗೆ ಗಟ್ಟಿಯಾಗಿ ಕಾಣುತ್ತದೆ: ರಾಜ್ಯವೊಂದು ರಾಸಾಯನಿಕ ಗೊಬ್ಬರದ ಬಳಕೆ ತಗ್ಗಿಸಿದರೆ, ಉಳಿದ ಸಬ್ಸಿಡಿಯ ಅರ್ಧ ಆ ರಾಜ್ಯಕ್ಕೇ. ಆದರೆ ರೈತನ ಕಣ್ಣಿಗೆ ಬೀಳುವುದು ಅಂಗಡಿಯ ಬೆಲೆ. ಬೇವು ಲೇಪಿತ ಯೂರಿಯಾದ 45 ಕಿಲೋ ಮೂಟೆ 266 ರೂಪಾಯಿ 50 ಪೈಸೆ. ಅದರ ನಿಜ ವೆಚ್ಚ ಹಲವು ಪಟ್ಟು ಹೆಚ್ಚು, ಉಳಿದದ್ದನ್ನು ಕೇಂದ್ರ ತುಂಬುತ್ತದೆ. ಬೆಲೆ ಏರಿದ 2022–23ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಜೈವಿಕ ಅನಿಲ ಸ್ಥಾವರಗಳಿಂದ ಬರುವ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿದಾಗ ಮೂರು ವರ್ಷಕ್ಕೆಂದು ಇಟ್ಟದ್ದು 1,451.84 ಕೋಟಿ. ಕಿಲೋಗೆ ಒಂದೂವರೆ ರೂಪಾಯಿ. ಹೀಗೆ ಒಂದು ಕಡೆ ಕೆರೆಯಷ್ಟು ನೀರು, ಇನ್ನೊಂದು ಕಡೆ ಚೊಂಬಿನಷ್ಟು ಇರುವಾಗ ರೈತ ಯಾವ ಕಡೆ ಹೊಲ ಮಾಡಿಕೊಳ್ಳುತ್ತಾನೆ ಎಂದು ಕೇಳಬೇಕಾಗಿಲ್ಲ.

ಮೂಟೆಯಲ್ಲಿ ಬರುವ ಸಾವಯವ ಗೊಬ್ಬರದ್ದೂ ಒಂದು ಲೆಕ್ಕವಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಸಾವಯವ ಗೊಬ್ಬರಗಳನ್ನು ಸೇರಿಸಿದರು. ನಗರದ ಕಸದಿಂದ ಮಾಡಿದ ಗೊಬ್ಬರದಲ್ಲಿ ಕನಿಷ್ಠ ಶೇ 12, ಎರೆಗೊಬ್ಬರದಲ್ಲಿ ಕನಿಷ್ಠ ಶೇ 18 ಸಾವಯವ ಇಂಗಾಲ ಇರಬೇಕು. ಕನಿಷ್ಠ ಮಟ್ಟದ ನಗರಗೊಬ್ಬರದ 50 ಕಿಲೋ ಮೂಟೆಯಲ್ಲಿ ಇರುವುದು 6 ಕಿಲೋ ಇಂಗಾಲ. ನಾಲ್ಕು ಟನ್ ಕೊಟ್ಟಿಗೆ ಗೊಬ್ಬರದ ಇಂಗಾಲಕ್ಕೆ ಸರಿಗಟ್ಟಲು ಎಂಬತ್ತು ಮೂಟೆಗೂ ಹೆಚ್ಚು ಬೇಕು. ಕಸವನ್ನು ಗೊಬ್ಬರ ಮಾಡುವ ಕೆಲಸ ದೊಡ್ಡದೇ. ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಿಂದಲೂ ಇದೆ. ಊರಿನಿಂದ ಪಟ್ಟಣಕ್ಕೆ ತರಕಾರಿಯಾಗಿ ಹೋದ ಸತ್ವ ಹಿಂದಿರುಗುವ ಒಂದೇ ದಾರಿ ಅದು. ತೆರಕಣಾಂಬಿಯ ಮಾರುಕಟ್ಟೆಯಿಂದ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಲೋಡುಗಳ ಸತ್ವಕ್ಕೆ ಆ ದಾರಿಯೂ ಇಲ್ಲ. ಗಾಜಿನ ಚೂರು, ಪ್ಲಾಸ್ಟಿಕ್ ಬೆರೆಯದ ಹಸಿಕಸದ ಗೊಬ್ಬರ ಹೊಲದವರೆಗೂ ಬಂದರೆ ಸ್ವಾಗತಿಸಬೇಕು. ಅದನ್ನು ಎರಡು ಮೂಟೆ ಹಂಚಿ ‘ಇಂಗಾಲ ಸಂಗ್ರಹ’ ಎಂದು ವರದಿ ಬರೆಯಬಾರದು.

ಇದೇ ಮಾತನ್ನು ನಾನು ತುಂಬ ಗೌರವವಿಟ್ಟುಕೊಂಡ ನೈಸರ್ಗಿಕ ಕೃಷಿಯ ಬಗ್ಗೆಯೂ ಹೇಳಬೇಕಾಗಿದೆ. ಗುಂಡ್ಲುಪೇಟೆಯೂ ಸೇರಿದ ನಮ್ಮ ಚಾಮರಾಜನಗರ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಕೊಳ್ಳೇಗಾಲ ಸೀಮೆಯ ದೊಡ್ಡಿಂದುವಾಡಿಯಲ್ಲಿ ಕೈಲಾಸಮೂರ್ತಿಯವರು ದಶಕಗಳಿಂದ ಉಳದ ಹೊಲ ನಡೆಸಿ ತೋರಿಸಿದ್ದಾರೆ. ಹೊಂಡರಬಾಳಿನಲ್ಲಿ ರೈತ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನಿಂದ ಹುಟ್ಟಿದ ‘ಅಮೃತ ಭೂಮಿ’ ರೈತರಿಗೆ ಪಾಠಶಾಲೆಯಾಗಿದೆ. ನೈಸರ್ಗಿಕ ಕೃಷಿ ಕಲಿಸುವ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಗೆ ರೈತ ಸಂಘದ ಹಸಿರು ಶಾಲುಗಳು ಸಾಲಾಗಿ ಹೋಗಿವೆ. ಈಗ ಸರ್ಕಾರದ ಮಿಷನ್ ಆ ದಾರಿಯಿಂದ ಎತ್ತಿಕೊಂಡದ್ದು ಮುಖ್ಯವಾಗಿ ಡ್ರಮ್ಮನ್ನು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಳ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು: ಎಕರೆಗೆ ಒಂದು ಸಲದ ಜೀವಾಮೃತ. ಇದರಲ್ಲಿರುವ ಇಂಗಾಲ ಒಟ್ಟು ಎರಡು ಮೂರು ಕಿಲೋ. ಮಣ್ಣಿನ ಜೀವಿಗಳಿಗೆ ಇದು ಹೆಪ್ಪು. ಹೆಪ್ಪಿದ್ದು ಹಾಲಿಲ್ಲದಿದ್ದರೆ ಮೊಸರಾಗುವುದಿಲ್ಲ. ಕೈಲಾಸಮೂರ್ತಿಯವರ ಹೊಲದಲ್ಲಾಗಲಿ ಹೊಂಡರಬಾಳಿನಲ್ಲಾಗಲಿ ಇಂಗಾಲ ನಿಂತಿದ್ದರೆ ಅದಕ್ಕೆ ಕಾರಣ ಮರಗಳು, ಎಲೆಯ ಹೊದಿಕೆ, ಬೆತ್ತಲಾಗದ ನೆಲ, ಕೆದಕದ ಬೇರು. ಪರಿಕರ ಕೇಂದ್ರ ತೆರೆದು ಬಾಟಲಿ ಹಂಚುವುದು ಸುಲಭ, ಎಣಿಸುವುದೂ ಸುಲಭ. ಹೊದಿಕೆ ಹಂಚಲಾಗುವುದಿಲ್ಲ, ಅದನ್ನು ಅಲ್ಲೇ ಬೆಳೆಯಬೇಕು.

ದೀರ್ಘಕಾಲದ ಪ್ರಯೋಗಗಳು ಏನು ಹೇಳುತ್ತವೆ? ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ಒಂದೇ ತಾಕಿನಲ್ಲಿ ಒಂದೇ ಬಗೆಯ ಉಪಚಾರ ಮಾಡುತ್ತ ಬಂದಿದ್ದಾರೆ. 1986ರಿಂದ ರಾಗಿ–ಮುಸುಕಿನ ಜೋಳದ ಮೇಲೆ ಇನ್ನೊಂದು. ಗುಂಡ್ಲುಪೇಟೆಯ ಮಣ್ಣಿಗೆ ಹತ್ತಿರದ ಪಾಠ ಅಲ್ಲಿದೆ. ರಾಸಾಯನಿಕ ಗೊಬ್ಬರವೊಂದನ್ನೇ ಹಾಕಿದ ತಾಕು ಕಾಲಕ್ರಮದಲ್ಲಿ ಸೊರಗುತ್ತದೆ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸು ಮಾಡಿದ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕು ಇಳುವರಿಯಲ್ಲೂ ಮಣ್ಣಿನ ಇಂಗಾಲದಲ್ಲೂ ಮುಂದೆ ನಿಂತಿದೆ. ಕಾರಣ ಸರಳ: ಬೆಳೆ ಸೊಂಪಾದರೆ ಬೇರೂ ಸೊಂಪು, ಬೇರೇ ಮಣ್ಣಿಗೆ ಹೋಗುವ ಇಂಗಾಲದ ದೊಡ್ಡ ಪಾಲು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1852ರಿಂದ 1871ರವರೆಗೆ ಇಪ್ಪತ್ತು ವರ್ಷ ಗೊಬ್ಬರ ಸುರಿದು ನಿಲ್ಲಿಸಿದ ತಾಕಿನಲ್ಲಿ ನೂರು ವರ್ಷ ಕಳೆದ ಮೇಲೂ ಅದರ ಗುರುತು ಉಳಿದಿತ್ತು. ಅದು ಚಳಿ ನಾಡು. ನಮ್ಮಲ್ಲಿ ಗೊಬ್ಬರ ನಿಂತರೆ ಇಂಗಾಲ ಬೇಗ ಇಳಿಯುತ್ತದೆ. 2021ರಲ್ಲಿ ಶ್ರೀಲಂಕಾ ಒಂದೇ ಆಜ್ಞೆಯಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಅದೇ ವರ್ಷ ನವೆಂಬರಿನಲ್ಲಿ ಹಿಂದೆ ಸರಿಯಬೇಕಾಯಿತು. ಸಿಕ್ಕಿಂ 2003ರಿಂದ ನಿಧಾನವಾಗಿ ನಡೆದು 2016ರಲ್ಲಿ ಪೂರ್ಣ ಸಾವಯವ ಎಂದು ಘೋಷಿಸಿಕೊಂಡಿತು. ಆದರೆ ಅಲ್ಲಿ ರಾಸಾಯನಿಕದ ಬಳಕೆ ಮೊದಲೇ ಅತ್ಯಲ್ಪ. ಗುಂಡ್ಲುಪೇಟೆಯ ಅರಿಸಿನ, ಬಾಳೆಯ ಹೊಲಗಳಿಗೆ ಇವೆರಡೂ ಮಾದರಿಯಾಗಲಾರವು.

ಇನ್ನು, ಗೊಬ್ಬರ ಎಲ್ಲಿಂದ ಬರುತ್ತದೆ ಎಂಬ ಮೊದಲ ಪ್ರಶ್ನೆಗೇ ಬರುತ್ತೇನೆ, ಏಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಎಕರೆಗೆ ವರ್ಷಕ್ಕೆ 4 ಟನ್ ಗೊಬ್ಬರ ಎಂದರೆ ನಾಟಿ ದನ ಎರಡೋ ಮೂರೋ ಬೇಕು, ಅದೂ ಸಗಣಿಯನ್ನೆಲ್ಲ ಕೊಟ್ಟಿಗೆಯಲ್ಲೇ ಹಿಡಿದರೆ. ಮೂರು ದನ ವರ್ಷಕ್ಕೆ ಐದಾರು ಟನ್ ಒಣ ಮೇವು ತಿನ್ನುತ್ತವೆ. ಒಂದು ಎಕರೆ ಮಳೆ ರಾಗಿಯ ಹುಲ್ಲು ಒಂದು ಒಂದೂವರೆ ಟನ್ ಸಿಕ್ಕರೆ ದೊಡ್ಡದು. ಮಿಕ್ಕ ಮೇವು ಎಲ್ಲಿಂದ? ಗೋಮಾಳ ಒತ್ತುವರಿಯಾಗಿದೆ. ಹಂಗಳ, ಮಂಗಲ, ಕುಂದಕೆರೆ ಕಡೆಯ ಹಳ್ಳಿಗಳಿಗೆ ಉತ್ತರ ಬೇಲಿಯಾಚೆ ಇದೆ: ಬಂಡೀಪುರ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನೊಳಗೆ ದನ ಮೇಯಿಸುವಂತಿಲ್ಲ. ಹೋದ ದನದ ಮೇಲೆ ಹುಲಿ ಬೀಳುತ್ತದೆ, ಹೋದ ದನಗಾಹಿಯ ಮೇಲೆ ಮೊಕದ್ದಮೆ ಬೀಳುತ್ತದೆ. ಕಾಡಿನ ಹುಲ್ಲು ಕಾಡಿನ ಮಣ್ಣಿಗೆ ಸೇರಬೇಕಾದ ಇಂಗಾಲ. ಅದನ್ನು ಹೊಲಕ್ಕೆ ತಂದು ‘ಹೊಲದ ಇಂಗಾಲ ಏರಿತು’ ಎಂದು ಬರೆದುಕೊಂಡರೆ, ಎಡಗೈಯಿಂದ ತೆಗೆದು ಬಲಗೈಗೆ ಹಾಕಿದಂತೆ. ಹೊರಗಿನಿಂದ ತಂದ ಗೊಬ್ಬರದಿಂದ ಏರಿದ ಇಂಗಾಲವನ್ನು ವಾತಾವರಣದಿಂದ ಹೊಸದಾಗಿ ಇಳಿಸಿದ್ದು ಎಂದು ಎಣಿಸಬಾರದು ಎಂದು ಬ್ರಿಟನ್ನಿನ ಡೇವಿಡ್ ಪೌಲ್ಸನ್ ಮುಂತಾದ ಮಣ್ಣು ವಿಜ್ಞಾನಿಗಳು 2011ರಲ್ಲಿ ಸ್ಪಷ್ಟವಾಗಿ ಬರೆದರು. ಬಂಡೀಪುರದ ಅಂಚಿನಲ್ಲಿ ನಿಂತವನಿಗೆ ಅದು ಕಣ್ಣೆದುರಿಗೇ ಕಾಣುವ ಮಾತು.

ಗೊಬ್ಬರ ಮಾರುವವರನ್ನು ನಾನು ದೂರುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಎರಡು ಎಕರೆ ಒಣಭೂಮಿಯವನಿಗೆ ತಿಪ್ಪೆಯೇ ಬ್ಯಾಂಕು. ಮಗಳ ಮದುವೆ, ಆಸ್ಪತ್ರೆ ಎಂದಾಗ ಲೋಡು ಗೊಬ್ಬರ ತಕ್ಷಣದ ಕಾಸು. ಆದರೆ ಹೀಗೆ ತಿಪ್ಪೆ ಖಾಲಿಯಾದ ಹೊಲಕ್ಕೇ ಆಮೇಲೆ ಸರ್ಕಾರದ ಎರೆಗೊಬ್ಬರದ ಮೂಟೆ ಬರುತ್ತದೆ ಎನ್ನುವಾಗ ಸಂಕಟವಾಗುತ್ತದೆ. ಗೊಬ್ಬರದ ಲಾರಿ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಕಾಡು ದಾಟಿ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಮುಂದೆ ಮೀನಂಗಾಡಿಗೆ ಹೋಗುತ್ತದೆ. ಆ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಇಂಗಾಲ ಸಮತೋಲದ ಪಂಚಾಯಿತಿಯಾಗಲು ಹೊರಟಿತು. ರೈತ ತನ್ನ ಜಮೀನಿನಲ್ಲಿ ಮರ ಬೆಳೆಸಿದರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಸಹಕಾರಿ ಬ್ಯಾಂಕಿನಿಂದ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಮಾತ್ರ ತೀರಿಸಬೇಕು. ಒಳ್ಳೆಯ ಯೋಚನೆ, ನಾವೂ ಕಲಿಯಬೇಕಾದದ್ದು. ಆದರೆ ಒಂದು ಸೀಮೆ ತನ್ನ ಇಂಗಾಲದ ಲೆಕ್ಕ ಬರೆಯುವಾಗ ಗಡಿಯಾಚೆಯಿಂದ ಬರುವ ಗೊಬ್ಬರವನ್ನೂ ಬರೆಯಬೇಕಲ್ಲವೇ? ಅದನ್ನು ಬರೆಯುವ ಪುಸ್ತಕ ಎರಡೂ ರಾಜ್ಯಗಳಲ್ಲಿ ಇನ್ನೂ ತೆರೆಯಬೇಕಾಗಿದೆ.

ಹೊಲದ ಇಂಗಾಲಕ್ಕೆ ದುಡ್ಡು ಕೊಡಿಸುತ್ತೇವೆ ಎಂಬ ಮಾತೂ ಈಗ ಹಳ್ಳಿಗಳವರೆಗೆ ಬಂದಿದೆ. 2015ರಲ್ಲಿ ಪ್ಯಾರಿಸ್ ಸಮ್ಮೇಳನದ ಹೊತ್ತಿಗೆ ಫ್ರಾನ್ಸ್, ಜಗತ್ತಿನ ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಏರಿಸೋಣ ಎಂಬ ಕರೆ ಕೊಟ್ಟಿತು. ನಮ್ಮ ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಕೃಷಿಯ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಚೌಕಟ್ಟು ಹೊರಡಿಸಿತು. ಮೇಲಿನ ಲೆಕ್ಕವನ್ನೇ ಹಿಡಿದರೆ, ವರ್ಷಕ್ಕೆ 80 ಕಿಲೋ ಇಂಗಾಲ ಎಂದರೆ ಸುಮಾರು 300 ಕಿಲೋ ಇಂಗಾಲದ ಡೈಆಕ್ಸೈಡ್. ಟನ್ನಿಗೆ 1,000 ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೂ ಎಕರೆಗೆ ವರ್ಷಕ್ಕೆ 300 ರೂಪಾಯಿ. ಅದರಲ್ಲೇ ಮಣ್ಣು ಪರೀಕ್ಷೆ, ದಾಖಲೆ, ಮಧ್ಯವರ್ತಿ. ಒಂದು ಆಳಿನ ಒಂದು ದಿನದ ಕೂಲಿಯೂ ಅಲ್ಲ. ಅದಕ್ಕಾಗಿ ದಶಕಗಳ ಕಾಲ ಹೀಗೇ ಉಳುತ್ತೇನೆ, ಹೀಗೇ ಬೆಳೆಯುತ್ತೇನೆ ಎಂದು ಸಹಿ ಹಾಕುವ ಮೊದಲು ರೈತ ಹತ್ತು ಸಲ ಯೋಚಿಸಬೇಕು. ಗುತ್ತಿಗೆ ಜಮೀನಿನ ಕಥೆ ಇನ್ನೂ ಕಷ್ಟ. ಶುಂಠಿಗೆಂದು ವರ್ಷದ ಮಟ್ಟಿಗೆ ಭೂಮಿ ಹಿಡಿಯುವವರು ಹಾಕುವ ಗೊಬ್ಬರ ಆ ವರ್ಷದ ಫಸಲಿಗೆ. ಮುಂದಿನ ಇಂಗಾಲ ಅವರ ಚಿಂತೆಯಲ್ಲ.

ಅಳೆಯುವುದೂ ಸರಾಗವಲ್ಲ. 2015ರ ಫೆಬ್ರುವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ಹೇಳುತ್ತದೆ, ಸಾವಯವ ಇಂಗಾಲವೂ ಅದರಲ್ಲೊಂದು. ಆದರೆ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಒಣಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬುದು ಅದರ ಕ್ರಮ. 10 ಹೆಕ್ಟೇರೆಂದರೆ ಇಪ್ಪತ್ತೈದು ಎಕರೆ, ಹತ್ತು ಹನ್ನೆರಡು ಕುಟುಂಬ. ಒಬ್ಬ ಹತ್ತು ವರ್ಷ ಗೊಬ್ಬರ ಹೊತ್ತಿದ್ದಾನೆ, ಪಕ್ಕದವನು ಗೊಬ್ಬರ ಮಾರಿದ್ದಾನೆ. ಇಬ್ಬರ ಚೀಟಿಯಲ್ಲೂ ಒಂದೇ ಅಂಕಿ. ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ತಳಹದಿ ಸಿದ್ಧವಾಗಿದೆ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದ ಹನ್ನೊಂದು ಜಿಲ್ಲೆಗಳಲ್ಲಿ ಚಾಮರಾಜನಗರವೂ ಇತ್ತು. ಹೆಬ್ಬಾಳದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಕೇಂದ್ರದವರು ಕಿರುಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟಕ್ಕೆ ಮಣ್ಣಿನ ಆಳ, ಜಿಗುಟು, ಇಳಿಜಾರು, ಸತ್ವದ ನಕ್ಷೆ ಬರೆದಿದ್ದಾರೆ. ಯಾವ ಹೊಲದಲ್ಲಿ ಇಂಗಾಲ ನಿಲ್ಲುವಷ್ಟು ಜೇಡಿ ಇದೆ, ಯಾವುದಕ್ಕೆ ಮೊದಲು ಗೋಡು ಬೇಕು ಎಂದು ಆ ನಕ್ಷೆ ನೋಡಿ ಹೇಳಬಹುದು. ಅಷ್ಟು ದುಡ್ಡು, ಅಷ್ಟು ದುಡಿಮೆ ಹಾಕಿದ ನಕ್ಷೆಗಳು ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು.

ಹಾಗಾದರೆ ಸರ್ಕಾರ ಯಾವುದಕ್ಕೆ ದುಡ್ಡು ಕೊಡಬೇಕು? ನನ್ನ ಮಟ್ಟಿಗೆ, ಮೂಟೆಗಿಂತ ಮೊದಲು ಬದುವಿಗೆ. ಬದುವಿನುದ್ದಕ್ಕೂ ಗೊಬ್ಬರದ ಗಿಡ, ಹೊಂಗೆ, ಅಗಸೆ, ಹೆಬ್ಬೇವು ಇದ್ದರೆ ಅವು ಗಾಳಿಯ ಇಂಗಾಲವನ್ನು ಆ ಹೊಲದಲ್ಲೇ ಹೊಸದಾಗಿ ಹಿಡಿಯುತ್ತವೆ. ಸೊಪ್ಪು ಹೊಲಕ್ಕೆ, ಮೇವು ಕೊಟ್ಟಿಗೆಗೆ. ಮುಂಗಾರಿನ ಮುನ್ನ ಸೆಣಬು, ಡಯಾಂಚ ಬಿತ್ತಿ ಹೂವಾಡುವ ಮೊದಲೇ ಮಣ್ಣಿಗೆ ಸೇರಿಸಲು ಬೀಜ ಸಕಾಲಕ್ಕೆ ಸಿಗಬೇಕು. ಮಳೆ ಬಿದ್ದು ಹದ ಆರಿದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಬಂದರೆ ಪ್ರಯೋಜನವಿಲ್ಲ. ಚೆಂಡು ಹೂವಿನ ಗಿಡ, ಬಾಳೆಯ ದಿಂಡು, ಅರಿಸಿನದ ಗರಿ, ಮುಸುಕಿನ ಜೋಳದ ಕಡ್ಡಿಗೆ ಬೆಂಕಿ ಕೊಡದೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗಬೇಕು. ಕಾಡಂಚಿನಲ್ಲಿ ಬೇಕಾದಷ್ಟಿರುವ ಲಂಟಾನ ಕಳೆಯನ್ನು ಕಾಯಿ ಕಟ್ಟುವ ಮೊದಲು ಕತ್ತರಿಸಿ ಗೊಬ್ಬರ ಮಾಡಿದರೆ ಕಾಡಿಗೂ ಉಸಿರು. ಅರಣ್ಯ ಇಲಾಖೆ ಮತ್ತು ಕೃಷಿ ಇಲಾಖೆ ಒಟ್ಟಿಗೆ ಕೂತರೆ ಆಗುವ ಕೆಲಸ ಅದು. 2019ರ ಫೆಬ್ರುವರಿಯ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿ ಸಾವಿರಾರು ಎಕರೆ ಕಾಡನ್ನು ಸುಟ್ಟಾಗ, ಒಣಗಿ ನಿಂತ ಲಂಟಾನದ ಪೊದೆ ಉರಿಗೆ ಸೌದೆಯಾಗಿತ್ತು. ಆ ಕೆಲವು ದಿನಗಳಲ್ಲಿ ಗಾಳಿಗೆ ಹಾರಿದ ಇಂಗಾಲವನ್ನು ಕೆಳಗಿನ ಹೊಲಗಳು ಎಷ್ಟು ವರ್ಷ ದುಡಿದು ತುಂಬಬೇಕೋ!

ತಿಪ್ಪೆಗೂ ಗಮನ ಬೇಕು. ಬಯಲಲ್ಲಿ ಗುಡ್ಡೆ ಹಾಕಿದ ಸಗಣಿಯಿಂದ ಬಿಸಿಲಿಗೆ ಸಾರಜನಕ ಹಾರುತ್ತದೆ, ಮಳೆಗೆ ಸತ್ವ ಹರಿದುಹೋಗುತ್ತದೆ, ಗಾಳಿಯಾಡದ ಒಳಪದರದಲ್ಲಿ ಮೀಥೇನ್ ಹುಟ್ಟುತ್ತದೆ. ಗುಂಡಿ, ಮೇಲೊಂದು ಚಪ್ಪರ, ಎರಡು ಸಲ ಮಗುಚುವುದು: ಇಷ್ಟು ಮಾಡಿದರೆ ಅದೇ ದನ, ಅದೇ ಹುಲ್ಲಿನಿಂದ ಹೊಲಕ್ಕೆ ಹೋಗುವ ಗೊಬ್ಬರ ಹೆಚ್ಚುತ್ತದೆ. ಉದ್ಯೋಗ ಖಾತರಿಯಲ್ಲಿ ಗೊಬ್ಬರ ಗುಂಡಿ, ಕೆರೆ ಹೂಳು, ಬದು ಎಲ್ಲಕ್ಕೂ ಅವಕಾಶ ಕೊಡುತ್ತ ಬಂದಿದ್ದಾರೆ. ಕೆರೆಗಳಿಗೆ ಏತ ನೀರಾವರಿಯ ನೀರು ತುಂಬಿಸುವ ಮೊದಲು ಬೇಸಿಗೆಯಲ್ಲಿ ಗೋಡು ತೆಗೆದು, ಅದನ್ನು ಹೇರಲು ಟ್ರ್ಯಾಕ್ಟರ್ ಬಾಡಿಗೆಯನ್ನೂ ಕೊಟ್ಟರೆ ಮರಳುಗೆಂಪು ಹೊಲಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಕುರಿಮಂದೆ ಕಟ್ಟಿಸುವವರಿಗೆ ರಾತ್ರಿಗಿಷ್ಟು ಎಂದು ನೆರವು ಕೊಡುವುದನ್ನೂ ಯೋಚಿಸಬಹುದು; ಆ ಗೊಬ್ಬರಕ್ಕೆ ಹೇರುವ ಖರ್ಚೇ ಇಲ್ಲ.

ಇದನ್ನೆಲ್ಲ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ, ಬೆಟ್ಟದ ಬುಡದ ನಾಲ್ಕಾರು ಹಳ್ಳಿಗಳನ್ನು ಹಿಡಿದು, ಹತ್ತು ವರ್ಷದ ಕೆಲಸವಾಗಿ ಎತ್ತಿಕೊಳ್ಳಬಹುದು. ಮಣ್ಣಿನ ಮಾದರಿ ತೆಗೆಯುವ ದಿನ ಪ್ರತಿ ಹೊಲದ ಹೆಸರಿನಲ್ಲಿ ಎರಡು ಸಾಲು ಬರೆದುಕೊಳ್ಳಲಿ: ಈ ವರ್ಷ ಹೊರಗಿನಿಂದ ಎಷ್ಟು ಲೋಡು ಗೊಬ್ಬರ ಬಂತು, ಎಲ್ಲಿಂದ, ಈ ಹೊಲದಿಂದ ಎಷ್ಟು ಲೋಡು ಹೊರಗೆ ಹೋಯಿತು, ಎಲ್ಲಿಗೆ. ಎರಡನೆಯ ಸಾಲಿಗೆ ಉತ್ತರ ಹೇಳುವಾಗ ರೈತನಿಗೆ ದಂಡದ ಭಯ ಇರಬಾರದು. ಆ ಲೋಡನ್ನು ಹೊಲದಲ್ಲೇ ಉಳಿಸಿಕೊಂಡಿದ್ದರೆ ಮಾರಿದಷ್ಟೇ ದುಡ್ಡು ಅವನ ಕೈಗೆ ಬರುವಂತಿರಬೇಕು.